ಬೇರೆ ಕಪಾಟಿನ ಇಲಿಗಳು

ಆಂತೆಪ್, 14 ಸೆಪ್ಟೆಂಬರ್

ಫುಲ್ಯಾ,

ಮಗುವಿನ ರಕ್ತದ ಡಬ್ಬಿಯನ್ನು ಸಂಜೆಯ ಬಸ್ಸಿಗೆ ಹಾಕಿದ್ದೇನೆ. ಮಂಜುಗಡ್ಡೆಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಈ ಕಾಗದ ಇದೆ. ಮೇಲ್ ಕಳಿಸಬಹುದಿತ್ತಲ್ಲ ಎಂದು ನಗಬೇಡ. ನಮ್ಮ ಆಸ್ಪತ್ರೆಯ ಮೇಲನ್ನು ನನಗಿಂತ ಮೊದಲು ಬೇರೆಯವರು ಓದುತ್ತಾರೆ. ಫೋನಿನಲ್ಲಿ ಆಡಿದ ಮಾತನ್ನು ನಾಳೆ ಯಾರೂ ಆಡಿಯೇ ಇರುವುದಿಲ್ಲ. ಕಾಗದವಾದರೆ ನಿನ್ನ ಕೈಬರಹ ನನಗೆ ಗೊತ್ತು, ಹಾಸ್ಟೆಲಿನಲ್ಲಿ ನನ್ನ ಟಿಪ್ಪಣಿ ನಕಲು ಮಾಡುತ್ತಿದ್ದೆಯಲ್ಲ, ಆವಾಗಿನಿಂದ.

ಮಗುವಿನ ಹೆಸರು ಜೆಲಿಹಾ. ನಾಲ್ಕು ವರ್ಷ ತುಂಬಿಲ್ಲ, ತೂಕ ಎರಡು ವರ್ಷದವಳದು. ಕರುಳಿನ ತುಂಬ ಹುಣ್ಣು. ತಂದೆತಾಯಿ ಅಣ್ಣತಮ್ಮಂದಿರ ಮಕ್ಕಳು. ಮೊದಲ ಮಗು ಇದೇ ಕಾಯಿಲೆಯಲ್ಲಿ, ಕಾಯಿಲೆಯ ಹೆಸರೂ ಯಾರಿಗೂ ಗೊತ್ತಿಲ್ಲದಾಗ, ಹೋಯಿತು. ಈಗ ಹೆಸರು ಗೊತ್ತಿದೆ. ಯಾವ ಜೀನ್ ಕೆಟ್ಟಿದೆ ಎಂದು ನಿಮ್ಮ ಪ್ರಯೋಗಾಲಯದವರೇ ಹುಡುಕಿಕೊಟ್ಟಿರಿ. ಆ ಜೀನ್ ಎರಡು ಕಡೆ ಕೆಲಸ ಮಾಡುತ್ತದೆ: ಕರುಳಿನ ಗೋಡೆಯ ಕೋಶಗಳಲ್ಲಿ, ಮತ್ತು ಗೋಡೆಯ ಹಿಂದೆ ಕಾವಲು ನಿಂತ ರೋಗನಿರೋಧಕ ಕೋಶಗಳಲ್ಲಿ. ನನಗೆ ಬೇಕಾದ ಉತ್ತರ ಒಂದೇ. ತಪ್ಪು ಕಾವಲುಗಾರರದೋ, ಗೋಡೆಯದೋ? ಕಾವಲುಗಾರರು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ತಪ್ಪು ಅವರದಾದರೆ, ಆರೋಗ್ಯವಾಗಿರುವ ಇವಳ ಅಕ್ಕನ ಮಜ್ಜೆ ತೆಗೆದು ಇವಳಿಗೆ ಹಾಕಿದರೆ ಕರುಳು ವಾಸಿಯಾಗುತ್ತದೆ. ಗೋಡೆಯದಾದರೆ ಮಜ್ಜೆ ಬದಲಿಸಿ ಏನೂ ಉಪಯೋಗವಿಲ್ಲ. ಮೊದಲು ಹಳೆಯ ಮಜ್ಜೆ ಸುಡಲು ಕೊಡುವ ಔಷಧವನ್ನು ಕರುಳು ವಾಸಿಯಾಗದ ಮೈ ತಡೆಯುವುದಿಲ್ಲ, ಮಗು ಹಾಸಿಗೆಯಲ್ಲೇ ಹೋಗುತ್ತದೆ.

ಇವಳ ಅಜ್ಜಿ ದುದು ಎಂಬ ಮಹಾತಾಯಿ. ನಾನು ಕೊಡುವ ಪ್ರತಿಯೊಂದು ಔಷಧವನ್ನೂ ಮೊದಲು ತಾನು ಒಂದು ಚಮಚ ಕುಡಿದು, ಅರ್ಧ ಗಂಟೆ ಕಾದು, ಬದುಕಿದ್ದರೆ ಮಗುವಿಗೆ ಕೊಡುತ್ತಾಳೆ. ನಿನ್ನೆ ನನ್ನ ಕೋಣೆಗೇ ಬಂದಳು. "ಡಾಕ್ಟರಮ್ಮ, ಇಜ್ಮಿರ್‌ನಲ್ಲಿ ಯಾರೋ ಇಲಿ ಸಾಕ್ತಾರಂತೆ. ಆ ಇಲಿ ರಕ್ತ ನನ್ನ ಮೊಮ್ಮಗಳಿಗೆ ಹಾಕ್ತೀರಾ?" ಎಂದಳು. ಇಲ್ಲ ಎಂದೆ. "ಮತ್ತೆ ಇಲಿ ಯಾಕೆ?" ಎಂದಳು. ನನಗೂ ಅದೇ ಸಂಶಯ ಇರುವುದರಿಂದ ನಿನ್ನನ್ನು ಕೇಳಿ ಹೇಳುತ್ತೇನೆ ಎಂದೆ.

ಬೇಗ ಬರಿ. ನಿಮ್ಮವರ ಹಾಗೆ "ಸೂಚನೆಗಳಿವೆ, ಹೆಚ್ಚಿನ ಅಧ್ಯಯನ ಬೇಕು" ಎಂದು ಬರೆಯಬೇಡ.

ನಿನ್ನ ಅಕ್ಕ,
ಸಬಿಹಾ


ಇಜ್ಮಿರ್, 2 ಅಕ್ಟೋಬರ್

ಸಬಿಹಾ ಅಕ್ಕ,

ಡಬ್ಬಿ ತಣ್ಣಗೇ ತಲುಪಿತು. ನಿನ್ನ ಕಾಗದ ಮಾತ್ರ ಬಿಸಿಯಾಗಿತ್ತು.

ಅಜ್ಜಿಗೆ ಹೀಗೆ ಹೇಳು. ಇಲಿ ಮರಿಯಾಗುವ ಮೊದಲೇ, ಭ್ರೂಣದಲ್ಲೇ, ಅದರ ಆ ಜೀನಿನ ಎರಡೂ ತುದಿಗೆ ಒಂದೊಂದು ಗುರುತು ಸೇರಿಸಿದ್ದೇವೆ. ಗುರುತು ಸುಮ್ಮನೆ ಕೂತಿರುತ್ತದೆ, ಇಲಿಗೆ ಏನೂ ಆಗುವುದಿಲ್ಲ. ಕತ್ತರಿ ಬಂದರೆ ಮಾತ್ರ ಎರಡು ಗುರುತಿನ ನಡುವಿನ ಭಾಗ ಉದುರಿಹೋಗುತ್ತದೆ. ಕತ್ತರಿಯನ್ನು ಯಾವ ಕೋಶದಲ್ಲಿ ಇಡಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ನಾನು ಕರುಳಿನ ಕಾವಲು ಕೋಶಗಳಲ್ಲಿ ಮಾತ್ರ ಇಟ್ಟೆ. ಗೋಡೆ ಹಾಗೇ ಇದೆ, ಕಾವಲುಗಾರರಲ್ಲಿ ಮಾತ್ರ ಜೀನ್ ಇಲ್ಲ.

ಆ ಇಲಿಗಳಿಗೆ ಕಾಯಿಲೆ ಬಂತು ಅಕ್ಕ. ಎರಡು ತಿಂಗಳಾಗುವಷ್ಟರಲ್ಲಿ ಭೇದಿ, ತೂಕ ಇಳಿತ, ಕರುಳಲ್ಲಿ ಹುಣ್ಣು. ಒಂದೆರಡಕ್ಕಲ್ಲ, ಎಲ್ಲಕ್ಕೂ. ಜೀನ್ ಕತ್ತರಿಸದ ಇಲಿಗಳು ಪಕ್ಕದ ಕಪಾಟಿನಲ್ಲಿ ಗುಂಡಗೆ ತಿಂದುಕೊಂಡಿವೆ. ನೀನು ಕೇಳಿದ ಒಂದೇ ಉತ್ತರ ಇದು: ತಪ್ಪು ಕಾವಲುಗಾರರದು. ಮಜ್ಜೆ ಬದಲಿಸು.

ಗೋಡೆಯ ಕೋಶಗಳಲ್ಲಿ ಕತ್ತರಿ ಇಟ್ಟ ಇಲಿಗಳೂ ನನ್ನಲ್ಲಿವೆ. ಅವು ಮರಿ ಹಾಕುವುದೇ ಕಡಿಮೆ, ಹಾಕಿದ ಮರಿಗಳೂ ಬೆಳೆಯದೆ ಸಾಯುತ್ತವೆ. ಆ ಸಾಲಿನ, ಅಂದರೆ ಆ ವಂಶದ, ತಾಯಂದಿರೇ ಸರಿಯಿಲ್ಲ. ಅವುಗಳಿಂದ ಏನೂ ಹೇಳಲಾಗದು.

ನೀನು ಕೇಳುವ ಮೊದಲೇ ಹೇಳುತ್ತೇನೆ, ನಿನ್ನ ಬುದ್ಧಿ ನನಗೆ ಗೊತ್ತು. ಪಂಜರಗಳನ್ನು ನಾನು ಒಂದು ದಿನವೂ ಬೆರೆಸಿದವಳಲ್ಲ. ಕಾಯಿಲೆಯ ಸಾಲು ಒಂದು ಕಪಾಟು, ಆರೋಗ್ಯದ ಸಾಲು ಇನ್ನೊಂದು. ನಾಲ್ಕು ವರ್ಷದಿಂದ ಆ ಸಾಲಿನ ಹೆಣ್ಣು ಆ ಸಾಲಿನ ಗಂಡಿಗೇ. ಕಪಾಟು ಬದಲಾದರೆ ಕೈಗವಸು, ಮೇಲಂಗಿ ಎಲ್ಲ ಬದಲು. ಒಂದರ ಹಿಕ್ಕೆ ಇನ್ನೊಂದಕ್ಕೆ ತಾಗಲು ಬಿಟ್ಟಿಲ್ಲ. ಇಷ್ಟು ಶುಚಿಯಾದ ಇಲಿಕೋಣೆ ಈ ದೇಶದಲ್ಲಿ ಇನ್ನೊಂದಿಲ್ಲ ಎಂದು ನಮ್ಮ ಪ್ರಯೋಗಾಲಯ ನಡೆಸುವ ಗುರುಗಳೇ ಬಂದವರಿಗೆಲ್ಲ ತೋರಿಸುತ್ತಾರೆ.

ಜೆಲಿಹಾಗೆ ಮುತ್ತು ಕೊಡು.

ನಿನ್ನ,
ಫುಲ್ಯಾ


ಆಂತೆಪ್, 29 ಅಕ್ಟೋಬರ್

ಫುಲ್ಯಾ,

ಇವತ್ತು ಗಣರಾಜ್ಯದ ಹಬ್ಬ. ಹೊರಗೆ ಬ್ಯಾಂಡು, ಒಳಗೆ ನಾನು ಮತ್ತು ನಿನ್ನ ಕಾಗದ. ನಾಲ್ಕು ಸಲ ಓದಿದೆ. ಎಲ್ಲವೂ ಹೊಂದುತ್ತದೆ, ಅದೇ ನನಗೆ ಸರಿಕಾಣುತ್ತಿಲ್ಲ. ಇಷ್ಟು ಚೊಕ್ಕ ಉತ್ತರ ಕಾಯಿಲೆಯ ಮಕ್ಕಳ ಹತ್ತಿರ ನಾನು ಕಂಡಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇನ್ನೊಂದು ಮಾತು. ನಿನ್ನ ಗುರು ನೆವ್ಜಾತ್ ಹೋದ ತಿಂಗಳೇ ಅಂಕಾರದ ಸಭೆಯಲ್ಲಿ ಈ ಇಲಿಗಳ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ. "ಆಂತೆಪ್‌ನ ಒಂದು ಮಗು ನಮ್ಮ ಇಲಿಗಳಿಂದ ಬದುಕಲಿದೆ" ಎಂದರಂತೆ. ಹೋದ ತಿಂಗಳು ಅಂದರೆ ನೀನು ನನಗೆ ಬರೆಯುವ ಮೊದಲು. ನನ್ನ ಮಗುವಿನ ಸುದ್ದಿ ನನಗಿಂತ ಮೊದಲು ಸಭೆಗೆ ಹೇಗೆ ಹೋಯಿತು? ಏಪ್ರಿಲ್‌ನಲ್ಲಿ ನಿನ್ನ ಖಾಯಂ ಕೆಲಸದ ಸಂದರ್ಶನ ಇದೆ, ಪೀಠದಲ್ಲಿ ಅವರೇ ಕೂರುತ್ತಾರೆ ಎಂದೂ ಕೇಳಿದೆ. ಅದನ್ನು ನೀನು ಯಾಕೆ ಬರೆಯಲಿಲ್ಲ?

ಇಲಿಯ ಕರುಳು ನೋಡಿ ಹುಣ್ಣು ಇದೆ, ಇಲ್ಲ ಎಂದು ತೀರ್ಮಾನಿಸುವವರು ಯಾರು? ಅದು ಯಾವ ಕಪಾಟಿನದು ಎಂದು ಅವರಿಗೆ ಗೊತ್ತಿರುತ್ತದೆಯೇ? ಹುಷಾರಾಗಿ ಉತ್ತರಿಸು.

ಸಬಿಹಾ


ಇಜ್ಮಿರ್, 20 ನವೆಂಬರ್

ಅಕ್ಕ,

ಪೊಲೀಸಿನವರು ಕೂಡ ಕುರ್ಚಿ ಕೊಟ್ಟು ಪ್ರಶ್ನೆ ಕೇಳುತ್ತಾರೆ.

ಕರುಳು ನೋಡುವವರಿಗೆ ಯಾವ ಇಲಿ ಎಂದು ಗೊತ್ತಿರುವುದಿಲ್ಲ. ಗಾಜಿನ ಮೇಲೆ ಬರೀ ಸಂಖ್ಯೆ ಇರುತ್ತದೆ, ಅದರ ಅರ್ಥ ನನ್ನೊಬ್ಬಳಿಗೇ ಗೊತ್ತು. ನೋಡುವವರು ಬೇರೆ ವಿಭಾಗದವರು, ಗುರುಗಳ ಹೆಸರು ಕೇಳಿದರೆ ಮುಖ ತಿರುಗಿಸುವವರು. ಸಾಕೇ?

ಗುರುಗಳು ಸಭೆಯಲ್ಲಿ ಹೇಳಿದ್ದು ನನಗೂ ಆಮೇಲೆ ತಿಳಿಯಿತು. ಅವರಿಗೆ ಮೈಕು ಕಂಡರೆ ಬಾಯಿ ನಿಲ್ಲುವುದಿಲ್ಲ. ಸಂದರ್ಶನದ ಸಂಗತಿ ಬರೆಯಲಿಲ್ಲ, ಏಕೆಂದರೆ ಬರೆದಿದ್ದರೆ ನೀನು ಈಗ ಯೋಚಿಸುತ್ತಿರುವುದನ್ನೇ ಆಗ ಯೋಚಿಸುತ್ತಿದ್ದೆ.

ಇಲ್ಲಿ ಕೆಲಸ ತುಂಬ. ಅಂಕಾರದಲ್ಲಿ ಹೊಸ ಇಲಿಕೋಣೆ ತೆರೆದಿರುವ ನೆರ್ಮಿನ್, ಬೇರೆ ಏನೋ ಪರೀಕ್ಷೆಗೆ ನಮ್ಮ ಇಲಿಗಳ ಭ್ರೂಣ ಬೇಕೆಂದು ಗುರುಗಳಿಗೆ ಬರೆದಿದ್ದಳು. ಅಕ್ಟೋಬರ್‌ನಲ್ಲೇ ನಾನೇ ಕೂತು ಹೆಪ್ಪುಗಟ್ಟಿಸಿ ಕಳಿಸಿಕೊಟ್ಟೆ. ಬೇರೆಯವರ ಕೆಲಸ ಮಾಡಿಕೊಡುವುದರಲ್ಲೇ ನನ್ನ ಆಯುಷ್ಯ ಕಳೆಯಿತು.

ಮಗು ಹೇಗಿದೆ? ಅದನ್ನು ನೀನು ಬರೆಯಲೇ ಇಲ್ಲ.

ಫುಲ್ಯಾ


ಆಂತೆಪ್, 20 ಜನವರಿ

ಫುಲ್ಯಾ,

ಮಗು ಚೆನ್ನಾಗಿಲ್ಲ. ಈಗ ಬಾಯಿಂದ ಏನೂ ಇಲ್ಲ, ಎಲ್ಲ ನರದ ಮೂಲಕ. ಮನೆಯವರು ನನ್ನನ್ನು ಕಂಡರೆ ಎದ್ದು ಹೋಗುತ್ತಾರೆ. ಮಜ್ಜೆ ಹಾಕಿ ಎಂದು ಇಜ್ಮಿರ್‌ನ ದೊಡ್ಡ ಪ್ರೊಫೆಸರೇ ಹೇಳಿದ್ದಾರೆ, ಈ ಹೆಂಗಸು ಯಾಕೆ ತಡೆಯುತ್ತಿದ್ದಾಳೆ ಎಂಬುದು ಅವರ ಮಾತು. ದುದು ಅಜ್ಜಿ ವರಾಂಡದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮ ಮಗೂ ಸರದೀನ ಯಾವುದೋ ದೊಡ್ಡೋರ ಮಗೂಗೆ ಕೊಟ್ಟವ್ಳೆ. ನಂಗೇನು ಕಣ್ಣು ಕಾಣಲ್ವಾ?"

ಈಗ ವಿಷಯಕ್ಕೆ ಬರುತ್ತೇನೆ. ನೆರ್ಮಿನ್‌ಗೆ ಭ್ರೂಣ ಕೇಳಲು ಹೇಳಿದ್ದು ನಾನು. "ಬೇರೆ ಪರೀಕ್ಷೆ" ಎಂಬುದು ಸುಳ್ಳು. ನಿನ್ನ ಪರೀಕ್ಷೆಯನ್ನೇ, ನಿನ್ನ ಇಲಿಗಳನ್ನೇ, ನಿನ್ನ ನೆರಳು ಬೀಳದ ಜಾಗದಲ್ಲಿ ಮತ್ತೊಮ್ಮೆ ನೋಡಬೇಕಿತ್ತು.

ಅವಳ ಇಲಿಗಳಿಗೆ ಎರಡೂವರೆ ತಿಂಗಳಾಯಿತು. ಒಂದಕ್ಕೂ ಹುಣ್ಣಿಲ್ಲ. ಜೀನ್ ಪರೀಕ್ಷೆ ಎರಡೆರಡು ಸಲ ಆಗಿದೆ: ಕಾವಲು ಕೋಶಗಳಲ್ಲಿ ಜೀನ್ ಇಲ್ಲ, ನೀನು ಹೇಳಿದಂತೆಯೇ. ಆದರೂ ಗುಂಡಗೆ ತಿಂದುಕೊಂಡಿವೆ.

ಒಂದೇ ಇಲಿ, ಒಂದೇ ಕತ್ತರಿ. ಇಜ್ಮಿರ್‌ನಲ್ಲಿ ಸಾಯುತ್ತದೆ, ಅಂಕಾರದಲ್ಲಿ ಕುಣಿಯುತ್ತದೆ. ನೀನೇ ಹೇಳು, ನಾನು ಏನು ಅಂದುಕೊಳ್ಳಲಿ? ನಿನ್ನ ಗುರುಗಳಿಗೆ ಬೇಕಾದದ್ದು ನಿನ್ನ ಇಲಿಗಳಿಗೆ ಬಂತು ಎಂದುಕೊಳ್ಳಲೇ?

ಸಬಿಹಾ


ಇಜ್ಮಿರ್, 27 ಜನವರಿ

ಡಾಕ್ಟರ್ ಸಬಿಹಾ ಅವರಿಗೆ,

ನಿಮ್ಮ ಪತ್ರ ತಲುಪಿದೆ.

ನನ್ನ ಇಲಿಗಳ ಭ್ರೂಣವನ್ನು ನನ್ನ ಕೈಯಿಂದಲೇ ಕಟ್ಟಿಸಿ, ನನ್ನ ಮೇಲೆಯೇ ಸಾಕ್ಷಿ ಮಾಡಿಸಿದಿರಿ. ಕೇಳಿದ್ದರೆ ಕೊಡುತ್ತಿರಲಿಲ್ಲವೇ? ಇಪ್ಪತ್ತು ವರ್ಷ ನಿಮ್ಮನ್ನು ಅಕ್ಕ ಎಂದು ಕರೆದೆ. ಅಮ್ಮ ತೀರಿಕೊಂಡಾಗ ಮೊದಲು ಫೋನ್ ಮಾಡಿದ್ದು ನಿಮಗೆ. ನಾನು ಸುಳ್ಳು ಹುಣ್ಣು ಬರೆಯುವವಳು ಎಂದು ನಿಮಗೆ ಅನ್ನಿಸಿದ ಮೇಲೆ ನಾನು ಏನು ಬರೆದರೂ ನೀವು ನಂಬುವುದಿಲ್ಲ, ಹಾಗಾಗಿ ಬರೆಯುವುದಿಲ್ಲ.

ಬಸ್ಸಿಗೆ ಇನ್ನು ಡಬ್ಬಿ ಹಾಕಬೇಡಿ.

ಇಂತಿ,
ಫುಲ್ಯಾ


ಆಂತೆಪ್, 11 ಫೆಬ್ರವರಿ

ಫುಲ್ಯಾ,

ಡಬ್ಬಿ ಹಾಕಿಲ್ಲ, ಬರೀ ಕಾಗದ. ಬಸ್ಸಿನವನು "ಇವತ್ತು ಐಸ್ ಇಲ್ವಾ ಡಾಕ್ಟರೇ?" ಎಂದು ಕೇಳಿದ.

ಕೋಪ ಮಾಡಿಕೋ, ನನಗೇನೂ ಆಗುವುದಿಲ್ಲ. ಆದರೆ ಉತ್ತರ ಕೊಡು. ಎರಡು ಊರಲ್ಲಿ ಎರಡು ಫಲ ಯಾಕೆ? ನೀನು ಸುಳ್ಳು ಹೇಳಿಲ್ಲವಾದರೆ ಬೇರೆ ಏನೋ ಇದೆ. ಅದು ಏನು ಎಂದು ಕಂಡುಹಿಡಿಯಬಲ್ಲವಳು ನೀನೊಬ್ಬಳೇ. ನಿನ್ನ ಮೌನ ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರು ಯಾರೆಂದು ಕೇಳಬೇಕಾಗುತ್ತದೆ.

ಸಬಿಹಾ


ಆಂತೆಪ್, 4 ಮಾರ್ಚ್

ವೈದ್ಯರ ಸಮಿತಿ ನಿನ್ನೆ ಕೂತಿತ್ತು. ನಿನ್ನ ಗುರುಗಳ ಪತ್ರ ಮೇಜಿನ ಮೇಲಿತ್ತು: ಇಲಿಗಳಲ್ಲಿ ಸಾಬೀತಾಗಿದೆ, ಮಜ್ಜೆ ಬದಲಿಸಬಹುದು. ಕೆಳಗೆ ನಿನ್ನ ಹೆಸರೂ ಇತ್ತು. ನಾನು ನೆರ್ಮಿನ್‌ಳ ಇಲಿಗಳ ಮಾತೆತ್ತಿದೆ. "ಅವಳದು ಹೊಸ ಇಲಿಕೋಣೆ, ಅವಳ ಮಾತಿಗೇನು ತೂಕ?" ಎಂದು ಎಲ್ಲರೂ ನಕ್ಕರು. ಆರು ಜನರಲ್ಲಿ ಐವರು ಕೈ ಎತ್ತಿದರು.

ಮಾರ್ಚ್ 25ಕ್ಕೆ ಹಳೆಯ ಮಜ್ಜೆ ಸುಡುವ ಔಷಧ ಶುರು. ಒಮ್ಮೆ ಶುರುವಾದರೆ ಹಿಂದೆ ಬರುವ ದಾರಿಯಿಲ್ಲ.

ನಿನ್ನ ಹೆಸರು ಅಲ್ಲಿದೆ ಫುಲ್ಯಾ. ಇರಲಿ ಎಂದಾದರೆ ಇರಲಿ.

ಸಬಿಹಾ


ಇಜ್ಮಿರ್, 19 ಮಾರ್ಚ್

ಅಕ್ಕ,

ಇದನ್ನು ಓದುವ ಮೊದಲು ಜೊತೆಗಿರುವ ಇನ್ನೊಂದು ಲಕೋಟೆಯನ್ನು ಸಮಿತಿಗೆ ಕೊಟ್ಟು ಬಾ. ಅದರಲ್ಲಿ ನನ್ನ ಸಹಿ ಇದೆ: ಇಜ್ಮಿರ್‌ನ ಫಲಿತಾಂಶ ತಪ್ಪು, ಅದನ್ನು ನಂಬಿ ಯಾವ ಮಗುವಿಗೂ ಮಜ್ಜೆ ಬದಲಿಸಬೇಡಿ. ಸಾಯಂಕಾಲದ ಬಸ್ಸಿನ ಡ್ರೈವರ್ ಕೈಗೇ ಕೊಡುತ್ತೇನೆ. ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದು, ನನ್ನ ಕೈಬರಹವನ್ನಾದರೂ ನೀನು ನಂಬುತ್ತೀಯ.

ನಿನಗೆ ಸಿಟ್ಟಿನ ಕಾಗದ ಬರೆದ ಮರುದಿನವೇ ಕೆಲಸ ಶುರು ಮಾಡಿದೆ. ಹೇಳಲಿಲ್ಲ. ಹೇಳಿದರೆ ಗೆದ್ದೆ ಎನ್ನುತ್ತೀಯ ಎಂಬ ಹಟ, ಇನ್ನೇನಲ್ಲ. ಮೊದಲು ನೆರ್ಮಿನ್‌ಳನ್ನು ಸಂಶಯಿಸಿದೆ, ಬೇರೆ ಇಲಿಗೆ ಬೇರೆ ಚೀಟಿ ಅಂಟಿಸಿದ್ದಾಳೆ ಎಂದು. ಅವಳು ಜೀನ್ ಪರೀಕ್ಷೆಗೆ ಬಾಲದ ತುಂಡು ಕಳಿಸಿದಳು; ಇಲಿಗಳು ನನ್ನವೇ. ಆಮೇಲೆ ಗುರುಗಳನ್ನು ಸಂಶಯಿಸಿ ಇಲಿಕೋಣೆಯ ಬೀಗ ಬದಲಿಸಿದೆ. ಹುಣ್ಣು ನೋಡುವವರನ್ನು, ಮೇವು ಕೊಡುವ ಕಂಪನಿಯನ್ನು, ನೀರನ್ನು ಎಲ್ಲವನ್ನೂ ಸಂಶಯಿಸಿದೆ. ಎಲ್ಲ ಮುಗಿದ ಮೇಲೆ ಉಳಿದದ್ದು ನನ್ನ ಶುಚಿತ್ವ ಒಂದೇ.

ನೆರ್ಮಿನ್ ಭ್ರೂಣಗಳನ್ನು ಬೆಳೆಸಿದ್ದು ಅವಳ ಕೋಣೆಯ ಆರೋಗ್ಯವಂತ ಸಾಕುತಾಯಂದಿರ ಹೊಟ್ಟೆಯಲ್ಲಿ. ಹೊರಗಿನ ಇಲಿ ತಂದರೆ ಎಲ್ಲರೂ ಹಾಗೆಯೇ ಮಾಡುವುದು. ಆ ಮರಿಗಳು ಹುಟ್ಟುವಾಗ ಸಾಕುತಾಯಿಯ ಮೈಯ ಕ್ರಿಮಿಗಳನ್ನು ಪಡೆದವು. ನನ್ನ ಸಾಲಿನ ಮರಿಗಳು ತಮ್ಮ ತಾಯಿಯ ಕ್ರಿಮಿಗಳನ್ನು ಪಡೆಯುತ್ತವೆ, ಆ ತಾಯಿ ಅವಳ ತಾಯಿಯದನ್ನು. ನಾಲ್ಕು ವರ್ಷದ ಹಿಂದೆ ಹೊರದೇಶದಿಂದ ಬಂದ ಮೊದಲ ಹೆಣ್ಣಿನ ಕರುಳಲ್ಲಿ ಏನೋ ಕೆಟ್ಟದ್ದು ಇತ್ತು. ಅದು ಆ ಒಂದು ಕಪಾಟಿನಲ್ಲೇ ತಾಯಿಯಿಂದ ಮಗಳಿಗೆ ಇಳಿಯುತ್ತ ಬಂತು. ಪಕ್ಕದ ಕಪಾಟಿಗೆ ದಾಟಲಿಲ್ಲ, ಏಕೆಂದರೆ ದಾಟದಂತೆ ನಾನು ಕೈಗವಸು ಬದಲಿಸುತ್ತಿದ್ದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಎರಡೂ ಬಗೆಯ ಮರಿ ಹುಟ್ಟಿಸಿ ಒಂದೇ ಪಂಜರದಲ್ಲಿ ಬೆಳೆಸಿದ್ದರೆ ಎರಡೇ ತಿಂಗಳಲ್ಲಿ ತಿಳಿಯುತ್ತಿತ್ತು. ನಾನು ಬೆರೆಸಲಿಲ್ಲ. ಬೆರೆಸದ್ದಕ್ಕೆ ಹೆಮ್ಮೆಪಟ್ಟೆ.

ಫೆಬ್ರವರಿಯ ಎರಡನೆಯ ವಾರ ಬೆರೆಸಿದೆ. ಆರೋಗ್ಯದ ಕಪಾಟಿನ ಮರಿಗಳನ್ನು ಕಾಯಿಲೆಯವುಗಳ ಪಂಜರಕ್ಕೆ ಬಿಟ್ಟೆ. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ, ನಿನಗೆ ಗೊತ್ತು. ಜೀನ್ ಸರಿ ಇರುವ, ಏನೂ ಕತ್ತರಿಸದ ಆ ಇಲಿಗಳಿಗೂ ಹುಣ್ಣು ಬಂದಿದೆ. ಅಷ್ಟೇ ಹುಣ್ಣು. ಕಾವಲುಗಾರರ ತಪ್ಪು ಏನೂ ಇಲ್ಲ ಅಕ್ಕ.

ಗೋಡೆಯ ಸಾಲು ನೆನಪಿದೆಯೇ, ತಾಯಂದಿರೇ ಸರಿಯಿಲ್ಲ ಎಂದು ಬದಿಗಿಟ್ಟದ್ದು? ಆ ಮರಿಗಳನ್ನು ಹುಟ್ಟುವ ಮೊದಲೇ ತೆಗೆದು ಒಳ್ಳೆಯ ತಾಯಂದಿರ ಮಡಿಲಿಗೆ ಹಾಕಿದೆ. ಒಳ್ಳೆಯ ಹಾಲು, ಒಳ್ಳೆಯ ಕ್ರಿಮಿ, ಎಲ್ಲ ಕೊಟ್ಟರೂ ಬಾಡಿದವು. ಕರುಳು ತೆರೆದು ನೋಡಿದರೆ ನೀನು ಕಳಿಸಿದ ಜೆಲಿಹಾಳ ಕರುಳಿನ ಚಿತ್ರವೇ. ತಪ್ಪು ಗೋಡೆಯದು. ಮಜ್ಜೆ ಬದಲಿಸಿದರೂ ಅವಳ ಗೋಡೆ ಅದೇ ಇರುತ್ತದೆ.

ಗುರುಗಳಿಗೆ ಬೆಳಿಗ್ಗೆ ಹೇಳಿದೆ. "ಏಪ್ರಿಲ್ ಕಳೀಲಿ, ಆಮೇಲೆ ನಿಧಾನಕ್ಕೆ ತಿದ್ದೋಣ" ಎಂದರು. ಏಪ್ರಿಲ್ ಕಳೆಯುವಷ್ಟರಲ್ಲಿ ಜೆಲಿಹಾ ಇರುವುದಿಲ್ಲ ಎಂದೆ. "ಆ ಮಗು ಹೇಗೂ ಉಳಿಯಲ್ಲಮ್ಮ" ಎಂದರು. ನಾನು ಎದ್ದು ಬಂದೆ.

ಮೊದಲು ಹೌದು ಎಂದವಳು ಈಗ ಬೇಡ ಎನ್ನುತ್ತಿದ್ದೇನೆ. ಇದರಲ್ಲೂ ಏನೋ ಇದೆ ಎಂದು ನಿನಗೆ ಅನ್ನಿಸಬಹುದು. ಅನ್ನಿಸಲಿ, ನೆರ್ಮಿನ್‌ಳಿಂದ ಪರೀಕ್ಷೆ ಮಾಡಿಸು. ಆದರೆ ಇಪ್ಪತ್ತೈದರ ಔಷಧ ನಿಲ್ಲಿಸಿ ಆಮೇಲೆ ಸಂಶಯಿಸು.

ಫುಲ್ಯಾ


ಆಂತೆಪ್, 2 ಜೂನ್

ನನ್ನ ಫುಲ್ಯಾ,

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ ಎಂದರೆ ನೀನು ನಂಬುವುದಿಲ್ಲ, ನನಗೆ ಮುಖಕ್ಕೆ ಯಾವತ್ತೂ ಕೊರತೆಯಿಲ್ಲವಲ್ಲ. ಮಗುವಿಗೆ ಏನಾಗುತ್ತದೋ ನೋಡಿ ಬರೆಯೋಣ ಎಂದು ಕಾದೆ.

ನಿನ್ನ ಲಕೋಟೆ ಬಂದ ದಿನ ಸಮಿತಿಯವರ ಮನೆಮನೆಗೆ ಹೋದೆ. ನಿನ್ನ ಹೆಸರಿದ್ದ ಪತ್ರದ ಪಕ್ಕದಲ್ಲಿ ನಿನ್ನದೇ ಹೆಸರಿನ ಈ ಪತ್ರ ಇಟ್ಟೆ. ಇಪ್ಪತ್ನಾಲ್ಕರ ಮಧ್ಯಾಹ್ನ ಮರುದಿನದ ಔಷಧ ರದ್ದಾಯಿತು. ಆ ಮನೆಯವರು ನನಗೆ ಏನೇನು ಅಂದರು ಎಂದು ಬರೆಯುವುದಿಲ್ಲ.

ಆಮೇಲೆ ಹೊಟ್ಟೆ ಕೊಯ್ದು ತೀರಾ ಕೆಟ್ಟ ಕರುಳಿನ ಭಾಗ ತೆಗೆದೆವು. ಗೋಡೆಗೆ ಭಾರವಾಗದ ಆಹಾರ ನಳಿಕೆಯಲ್ಲಿ ಕೊಡುತ್ತಿದ್ದೇವೆ. ಗುಣವಾಗಿದೆ ಎಂದು ಹೇಳಲಾರೆ. ನಿನಗೆ ಬರೆಯುವಾಗ ಅಂಥ ಮಾತು ಆಡಲು ನನಗೆ ಭಯ. ಒಂದೂವರೆ ಕಿಲೋ ಹೆಚ್ಚಿದ್ದಾಳೆ. ನಾಳಿದ್ದು ಹಬ್ಬ, ಮನೆಗೆ ಹೋಗುತ್ತಿದ್ದಾಳೆ.

ನೆರ್ಮಿನ್ ಹೇಳಿದಳು, ಇಜ್ಮಿರ್‌ನಲ್ಲಿ ನಿನ್ನ ಮೇಜು ಖಾಲಿಯಾಗಿದೆಯಂತೆ, ಸಂದರ್ಶನಕ್ಕೆ ನಿನ್ನನ್ನು ಕರೆಯಲೇ ಇಲ್ಲವಂತೆ. ಅವಳ ಕೋಣೆಯಲ್ಲಿ ನಿನಗೆ ಜಾಗ ಇದೆ ಎಂದು ಮೂರು ಸಲ ಬರೆದಳಂತೆ, ನಿನ್ನ ಉತ್ತರವಿಲ್ಲ. ಹೋಗು ಮಾರಾಯ್ತಿ. ಅವಳನ್ನು ಬೇಕಾದರೆ ಸಂಶಯಿಸುತ್ತಲೇ ಇರು, ಜೊತೆಗೆ ಕೆಲಸ ಮಾಡು.

ನಾನು ಕ್ಷಮೆ ಕೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಅಕ್ಟೋಬರ್‌ನಲ್ಲಿ ನಿನ್ನನ್ನು ನಂಬಿದ್ದರೆ ಜೆಲಿಹಾ ಇವತ್ತು ಇರುತ್ತಿರಲಿಲ್ಲ. ಮಾರ್ಚ್‌ನಲ್ಲಿ ನಂಬದೆ ಇದ್ದಿದ್ದರೂ ಇರುತ್ತಿರಲಿಲ್ಲ. ಇಲಿಗಳನ್ನು ಸಂಶಯಿಸಿದ್ದು ಸರಿ. ನಿನ್ನನ್ನು ಸಂಶಯಿಸಿದ್ದು ತಪ್ಪು. ಕ್ಷಮಿಸು.

ನೀನು ಜೆಲಿಹಾಗೆ ಕಳಿಸಿದ ಬಟ್ಟೆಯ ಇಲಿ ಬಂತು. ಹೆಸರು ಹಾಕದೆ ಕಳಿಸಿದ್ದೀಯ, ಹೊಲಿಗೆ ನೋಡಿದ ಕೂಡಲೇ ಯಾರದೆಂದು ಗೊತ್ತಾಯಿತು. ದುದು ಅಜ್ಜಿ ಅದನ್ನು ಮಗುವಿನ ಕೈಗೆ ಕೊಡಲು ಬಿಡಲಿಲ್ಲ. "ಇಜ್ಮಿರ್ ಇಲಿ. ಒಳಗೆ ಏನಿಟ್ಟವ್ರೋ ಯಾರಿಗೆ ಗೊತ್ತು" ಎಂದು ಕತ್ತರಿ ತರಿಸಿ ಅದರ ಹೊಟ್ಟೆ ಕೊಯ್ದಳು. ಹತ್ತಿಯನ್ನೆಲ್ಲ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದಳು. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಮತ್ತೆ ತುಂಬಿ, ಅವಳ ಹತ್ತಿರ ಇದ್ದ ಕಪ್ಪು ದಾರದಲ್ಲೇ ದಪ್ಪದಪ್ಪಗೆ ಹೊಲಿದು ಕೊಟ್ಟಳು. ನನಗೆ ನಾಚಿಕೆಯಾಗಿ ಬೇರೆ ಗೊಂಬೆ ತರಿಸುತ್ತೇನೆ ಎಂದೆ.

ಜೆಲಿಹಾ ತನ್ನ ಅಂಗಿ ಎತ್ತಿ ನೋಡಿಕೊಂಡಳು, ಆಮೇಲೆ ಇಲಿಯ ಹೊಟ್ಟೆ ನೋಡಿದಳು. "ಇದಕ್ಕೂ ಆಗಿದೆ" ಎಂದಳು. ಅವತ್ತಿನಿಂದ ಅದನ್ನು ಪಕ್ಕದಲ್ಲಿ ಇಟ್ಟುಕೊಂಡೇ ಮಲಗುತ್ತಾಳೆ.

ನಿನ್ನ ಅಕ್ಕ,
ಸಬಿಹಾ